ನಿದ್ದೆಯಿಂದ ನೀಗದ ದಣಿವು

ಮಂಗಳೂರು ಆಸ್ಪತ್ರೆಗಳ ಊರು. 1848ರಲ್ಲಿ ಶುರುವಾದ ವೆನ್ಲಾಕ್, 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ತೊಡಗಿಸಿದ ಸೇವೆ, ಐವತ್ತರ ದಶಕದಲ್ಲಿ ಬಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಆಮೇಲೆ ದೇರಳಕಟ್ಟೆಯ ಸುತ್ತ ಎದ್ದ ಕಾಲೇಜುಗಳು. ಕರಾವಳಿ, ಮಲೆನಾಡು ಮಾತ್ರವಲ್ಲ, ಕೇರಳದ ಕಾಸರಗೋಡು ಕೂಡ ಕಾಯಿಲೆ ಬಿದ್ದರೆ ನೋಡುವುದು ಇತ್ತ ಕಡೆಗೇ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ತಲಪಾಡಿ ಗಡಿ ಮುಚ್ಚಿ ಅಲ್ಲಿನ ರೋಗಿಗಳು ಬರಲಾಗದಾದಾಗ ಆ ನಂಟು ಎಷ್ಟು ಗಾಢವೆಂದು ದೇಶಕ್ಕೇ ಗೊತ್ತಾಯಿತು. ಇಷ್ಟೊಂದು ಜನರ ಆರೈಕೆಯ ಹೊಣೆ ಹೊತ್ತಿರುವ ನರ್ಸ್‌ಗಳು, ಪಿಜಿ ವೈದ್ಯರು ದಣಿದರೆ ಏನಾಗುತ್ತದೆ? ಇಂಥ ದಣಿವನ್ನು, ಅಂದರೆ ಬರ್ನ್‌ಔಟ್ ಅನ್ನು ಅರಿಯಲು ಈ ಊರಿನ ವಾರ್ಡುಗಳೇ ಸರಿಯಾದ ಜಾಗ. ಏಕೆಂದರೆ ಆ ಹೆಸರು ಹುಟ್ಟಿದ್ದೇ ಒಂದು ಚಿಕಿತ್ಸಾಲಯದಲ್ಲಿ.

ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಹಗಲು ತಮ್ಮ ಸ್ವಂತ ವೃತ್ತಿ ಮುಗಿಸಿ, ಸಂಜೆ ಬಡವರ ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದರು. ತುಂಬು ಉತ್ಸಾಹದಿಂದ ಬಂದ ಸ್ವಯಂಸೇವಕರು ಕಾಲಕ್ರಮೇಣ ಸಿಡುಕರಾಗಿ, ನಿರುತ್ಸಾಹಿಗಳಾಗಿ ಬದಲಾಗುವುದನ್ನು ಅವರು ಕಂಡರು. ತಾವೂ ಹಾಗೇ ಕುಸಿದರು. 1974ರಲ್ಲಿ ಅದನ್ನು ‘ಬರ್ನ್‌ಔಟ್’ ಎಂದು ಕರೆದು, ವಿವರಿಸಿ ಪ್ರಬಂಧ ಬರೆದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ವ್ಯಾಖ್ಯೆಯ ಪ್ರಕಾರ ಬರ್ನ್‌ಔಟ್ ಒಂದು ರೋಗವಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಕೆಲಸದ ಒತ್ತಡದಿಂದ ಬರುವ ಸ್ಥಿತಿ.

ಅದಕ್ಕೆ ಮೂರು ಲಕ್ಷಣ. ಒಂದು, ರಜೆ ಹಾಕಿ ಮಲಗಿದರೂ ಹೋಗದ ದಣಿವು. ಎರಡು, ಕೆಲಸದ ಬಗ್ಗೆ, ಎದುರಿಗಿರುವ ಮನುಷ್ಯರ ಬಗ್ಗೆ ಮನಸ್ಸು ಮರಗಟ್ಟುವುದು. ಮೂರು, ತಾನು ಮಾಡಿದ್ದು ಯಾವುದಕ್ಕೂ ಸಾಲದೆಂಬ ಭಾವ.

ಎರಡನೆಯದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಪಾಳಿಯ ಹ್ಯಾಂಡ್‌ಓವರ್ ನಡೆಯುವಾಗ ನರ್ಸ್ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾ ಮುಂದಿನವರಿಗೆ ವಿವರ ಒಪ್ಪಿಸುತ್ತಾರೆ. ಮೊದಮೊದಲು “ಪುತ್ತೂರಿನ ಅಜ್ಜಿ, ಮಗಳು ಜೊತೆಗಿದ್ದಾಳೆ, ಇಂಜೆಕ್ಷನ್ ಅಂದರೆ ಹೆದರುತ್ತಾರೆ” ಎನ್ನುತ್ತಿದ್ದವರು ಕ್ರಮೇಣ “ಹನ್ನೆರಡನೇ ಬೆಡ್, ಶುಗರ್” ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. “ಸಿಸ್ಟರ್, ಡ್ರಿಪ್ ಮುಗೀತು” ಎಂಬ ಕರೆ ಕಿವಿಗೆ ಬಿದ್ದೊಡನೆ ರೇಗುತ್ತದೆ. ಇದು ಕ್ರೌರ್ಯವಲ್ಲ. ಇನ್ನೊಬ್ಬರ ನೋವನ್ನು ಹೊರುವ ಶಕ್ತಿ ಬರಿದಾದಾಗ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಹೂಡುವ ಉಪಾಯ. ಆದರೆ ಅದರ ಬೆಲೆಯನ್ನು ರೋಗಿಯೂ ತೆರುತ್ತಾನೆ, ನರ್ಸೂ ತೆರುತ್ತಾಳೆ.

ದೇಹದೊಳಗೆ ನಡೆಯುವುದೇನು?

ಆಪತ್ತು ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್‌ಗಳನ್ನು ಸ್ರವಿಸುತ್ತವೆ. ಗುಂಡಿಗೆಯ ಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಆಪತ್ತು ಕಳೆದ ಮೇಲೆ ಎಲ್ಲವೂ ಇಳಿಯಬೇಕು. ಇಳಿಯಲು ಬಿಡುವೇ ಸಿಗದಿದ್ದರೆ ಕಾಪಾಡಬೇಕಾದ ವ್ಯವಸ್ಥೆಯೇ ದೇಹವನ್ನು ಸವೆಸುತ್ತದೆ. ರಕ್ತದೊತ್ತಡ, ನಿದ್ದೆ, ರೋಗನಿರೋಧಕ ಶಕ್ತಿ ಎಲ್ಲದರ ಮೇಲೂ ಪೆಟ್ಟು ಬೀಳುತ್ತದೆ. ಕಾರ್ಟಿಸಾಲ್‌ಗೆ ತನ್ನದೇ ದಿನಚರಿಯೂ ಇದೆ: ಬೆಳಿಗ್ಗೆ ಏರು, ನಡುರಾತ್ರಿಯ ಹೊತ್ತಿಗೆ ಇಳಿತ. ನೈಟ್ ಡ್ಯೂಟಿ ಮಾಡುವವರು ಈ ಲಯಕ್ಕೆ ಎದುರಾಗಿ ದುಡಿಯುತ್ತಾರೆ, ದೇಹ ಎಚ್ಚರಗೊಳ್ಳುವ ಹೊತ್ತಿಗೆ ಮಲಗುತ್ತಾರೆ.

2022ರಲ್ಲಿ ಪ್ಯಾರಿಸಿನ ವಿಜ್ಞಾನಿಗಳು ದಿನವಿಡೀ ಕಠಿಣ ಮಾನಸಿಕ ಕೆಲಸ ಮಾಡಿದವರ ಮಿದುಳನ್ನು ಪರೀಕ್ಷಿಸಿದರು. ಯೋಚಿಸಿ ನಿರ್ಧರಿಸುವ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚಾಗಿ ಶೇಖರವಾಗಿತ್ತು. ಹಾಗೆ ದಣಿದವರು ಕಡಿಮೆ ಶ್ರಮದ, ಬೇಗ ಕೈಗೆ ಬರುವ ಲಾಭವನ್ನೇ ಆಯ್ದುಕೊಳ್ಳುತ್ತಿದ್ದರು. ಮಾನಸಿಕ ದಣಿವು ಸೋಮಾರಿಗಳ ಸಬೂಬಲ್ಲ ಎನ್ನಲು ಇದೊಂದು ಬಲವಾದ ಸುಳಿವು.

ಇದಕ್ಕಿಂತ ಆತಂಕದ ಸಂಗತಿ 2003ರ ಅಮೆರಿಕದ ಒಂದು ಪ್ರಯೋಗದಲ್ಲಿದೆ. ಎರಡು ವಾರ ರಾತ್ರಿ ಆರೇ ಗಂಟೆ ನಿದ್ದೆ ಮಾಡಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟೇ ಕುಸಿದಿತ್ತು. ಆದರೆ ತಮಗೆ ತುಸು ತೂಕಡಿಕೆ ಅಷ್ಟೇ ಎಂದು ಅವರು ನಂಬಿದ್ದರು. “ನನಗೇನೂ ಆಗಿಲ್ಲ, ಅಭ್ಯಾಸವಾಗಿದೆ” ಎನ್ನುವವರ ಮಾತನ್ನು ನಂಬುವಂತಿಲ್ಲ. ಹಾಗೆ ಹೇಳುವವರು ನಾವೇ ಆಗಿದ್ದರೂ!

ಗಂಟೆಗಳ ಲೆಕ್ಕ

ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಬರ್ನ್‌ಔಟ್‌ಗೆ ಆರು ಮೂಲಗಳನ್ನು ಗುರುತಿಸಿದ್ದಾರೆ: ಅತಿಯಾದ ಹೊರೆ, ಕೆಲಸದ ಮೇಲೆ ಹಿಡಿತವಿಲ್ಲದಿರುವುದು, ತಕ್ಕ ಪ್ರತಿಫಲವಿಲ್ಲದಿರುವುದು, ಸಹೋದ್ಯೋಗಿಗಳ ಒಡನಾಟ ಕೆಡುವುದು, ಅನ್ಯಾಯ, ನಂಬಿದ ಮೌಲ್ಯಕ್ಕೂ ಮಾಡುವ ಕೆಲಸಕ್ಕೂ ಹೊಂದಿಕೆಯಾಗದಿರುವುದು. ಈ ಆರರಲ್ಲಿ ಒಂದೂ ವ್ಯಕ್ತಿಯ ಸ್ವಭಾವದ ದೋಷವಲ್ಲ. ಆರೂ ಕೆಲಸದ ಜಾಗದಲ್ಲಿವೆ.

ಹೊರೆಯನ್ನೇ ನೋಡಿ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು. ನಮ್ಮಲ್ಲಿ ಪಿಜಿ ವೈದ್ಯರಿಗೆ ವಾರಕ್ಕೆ 48 ಗಂಟೆಯ ಮಿತಿ ಸೂಚಿಸಿದ ಕೇಂದ್ರ ಸರಕಾರದ ನಿರ್ದೇಶನ 1992ರಷ್ಟು ಹಳೆಯದು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಶಿಫಾರಸು ಮಾಡಿದ್ದು 74 ಗಂಟೆ ಮೀರಬಾರದೆಂದು. ಕಡಿತಗೊಳಿಸಿದ ಮೇಲಿನ ಲೆಕ್ಕವೇ ಇಷ್ಟಾದರೆ, ಕಡಿತಕ್ಕೆ ಮೊದಲಿನದು ಎಷ್ಟಿರಬಹುದು?

ಆಸ್ಪತ್ರೆಯ ಹೊರಗೂ ಇದೇ ಕತೆ. ಮಕ್ಕಳು ಗಲ್ಫಿನಲ್ಲಿದ್ದು ಹಾಸಿಗೆ ಹಿಡಿದ ಮಾವನನ್ನು ಒಬ್ಬಳೇ ನೋಡಿಕೊಳ್ಳುವ ಸೊಸೆಗೆ, ಮನೆಗೆಲಸದ ನಡುವೆಯೇ ಬೀಡಿ ಕಟ್ಟುವ ತಾಯಿಗೆ ಪಾಳಿ ಬದಲಾಗುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಅವರನ್ನು ಒಳಗೊಳ್ಳದಿರಬಹುದು. ದಣಿವು ಮಾತ್ರ ಅದೇ.

ಏನು ಮಾಡಬಹುದು?

ಮೊದಲು ದೇಹ ಪರೀಕ್ಷೆ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಗಳೂ ಹೀಗೇ ಸುಸ್ತು ತರುತ್ತವೆ. ಕೆಲಸ ಮಾತ್ರವಲ್ಲ, ಇಷ್ಟದ ಹಾಡು, ಊಟ, ಮಕ್ಕಳ ಆಟ ಯಾವುದೂ ರುಚಿಸದಿದ್ದರೆ ಅದು ಖಿನ್ನತೆಯಾಗಿರಬಹುದು. ಸಾಯುವ ಯೋಚನೆ ಬಂದರಂತೂ ತಡ ಮಾಡಬಾರದು. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಡ್ಯೂಟಿ ಮುಗಿದ ಮೇಲೆ ಮನಸ್ಸೂ ಡ್ಯೂಟಿಯಿಂದ ಹೊರಬರಬೇಕು. ಜರ್ಮನಿಯ ಸಂಶೋಧಕಿ ಸಬೀನ್ ಸೊನೆಂಟಾಗ್ ಅವರ ಅಧ್ಯಯನಗಳ ತಿರುಳು ಇದೇ. ವಾರ್ಡಿನ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡುವುದು, ನೈಟ್ ಡ್ಯೂಟಿಯ ಮರುದಿನ ಕತ್ತಲು ಮಾಡಿದ ಕೋಣೆಯಲ್ಲಿ ಮಲಗುವುದು, ಸಂಜೆ ಪಣಂಬೂರು ಕಡಲ ಬದಿಯಲ್ಲಿ ಗೆಳತಿಯ ಜೊತೆ ಬಿರುಸಾಗಿ ನಡೆಯುವುದು ಇವೆಲ್ಲ ನೆರವಾಗುತ್ತವೆ. ಮನೆಯಲ್ಲಿ ರೋಗಿಯ ಆರೈಕೆ ಮಾಡುವವರಿಗೆ ವಾರಕ್ಕೆ ಒಂದು ಮಧ್ಯಾಹ್ನವಾದರೂ ಬೇರೊಬ್ಬರು ನೆರವಾಗಲೇಬೇಕು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಹೊಣೆಯನ್ನು ಮತ್ತೆ ದಣಿದವರ ಹೆಗಲಿಗೇ ಹೊರಿಸಿದಂತೆ. ವೈದ್ಯರ ಬರ್ನ್‌ಔಟ್ ತಗ್ಗಿಸುವ ಪ್ರಯತ್ನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ವ್ಯಕ್ತಿಗೆ ಧ್ಯಾನ, ತರಬೇತಿ ಕೊಡುವುದಕ್ಕಿಂತ ಕೆಲಸದ ವ್ಯವಸ್ಥೆಯನ್ನೇ ತಿದ್ದುವುದು ಹೆಚ್ಚು ಫಲಕಾರಿ. ತಿದ್ದಲು ದೊಡ್ಡ ಯೋಜನೆಯೇ ಬೇಕೆಂದೇನಿಲ್ಲ. ಪಾಳಿಯನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಮುಂದೆ ಸರಿಸಿದರೆ ದೇಹ ಬೇಗ ಹೊಂದಿಕೊಳ್ಳುತ್ತದೆ. ಸತತ ರಾತ್ರಿಗಳ ಸಂಖ್ಯೆ ಇಳಿಸಬಹುದು, ನಡುರಾತ್ರಿ ಸರದಿಯ ಮೇಲೆ ಕಿರುನಿದ್ದೆಗೆ ಅವಕಾಶ ಕೊಡಬಹುದು. ಡ್ಯೂಟಿ ಪಟ್ಟಿಯನ್ನು ಮೊದಲೇ ಪ್ರಕಟಿಸಿ, ಅದನ್ನು ಬರೆಯುವಾಗ ನರ್ಸ್‌ಗಳನ್ನೂ ಕೂರಿಸಿಕೊಳ್ಳಬಹುದು. ಎಷ್ಟು ರೋಗಿಗಳಿಗೆ ಒಬ್ಬ ನರ್ಸ್ ಎಂಬ ಪ್ರಶ್ನೆಯನ್ನು ಆಡಳಿತ ಮಂಡಳಿಗೆ ನರ್ಸ್‌ಗಳಷ್ಟೇ ಅಲ್ಲ, ನಾವೂ ಕೇಳಬೇಕು. ನಡುರಾತ್ರಿ ಮೂರಕ್ಕೆ ನಮ್ಮ ಅಪ್ಪನಿಗೆ ಔಷಧಿಯ ಪ್ರಮಾಣ ಅಳೆಯುವ ಕೈ ದಣಿದಿರಬಾರದು ಎಂಬುದು ಈ ಊರಿನ ಪ್ರತಿಯೊಬ್ಬರ ಹಿತದ ಮಾತು.