ಕುಂಬಳದ ನೀರೂ ಬಿಸ್ಕೊತ್ತಿಯ ಗರಿಯೂ

ಸಿಹಿಗುಂಬಳದ ಹೋಳೊಂದನ್ನು ತೂಗಿ ನೋಡಿದರೆ, ಆ ತೂಕದ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಬರಿಯ ನೀರೇ ಆಗಿರುತ್ತದೆ. ಗರಿಗರಿಯಾದ ಬಿಸ್ಕತ್ತಿನಲ್ಲಾದರೋ ನೂರರಲ್ಲಿ ನಾಲ್ಕೈದು ಪಾಲು ನೀರಿದ್ದರೆ ಹೆಚ್ಚು. ಹೀಗಿರುವಾಗ ಕುಂಬಳವನ್ನು ಬೆರೆಸಿ ಬಿಸ್ಕತ್ತು ಮಾಡುವುದು ಸಾಧ್ಯವೇ? ಸಾಧ್ಯವೆಂದು ಇಟಲಿಯ ಬಿಸ್ಕೊತ್ತಿ ಉತ್ತರ ಕೊಡುತ್ತದೆ. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಹೆಸರಿನಲ್ಲಿರುವ ಗುಟ್ಟು

‘ಬಿಸ್ಕೊತ್ತಿ’ ಎಂಬ ಮಾತು ಲ್ಯಾಟಿನ್ ಮೂಲದ್ದು. ‘ಬಿಸ್’ ಎಂದರೆ ಎರಡು ಬಾರಿ. ‘ಕೊಕ್ತುಸ್’ ಎಂದರೆ ಬೆಂದದ್ದು. ನಮ್ಮ ‘ಬಿಸ್ಕತ್ತು’ ಎಂಬ ಮಾತೂ ಅದೇ ಮೂಲದಿಂದ ಹೊರಟು, ಯೂರೋಪಿನ ಭಾಷೆಗಳನ್ನು ಹಾದು ನಮ್ಮನ್ನು ಸೇರಿದೆ. ಆದರೆ ಈಗಿನ ಬಿಸ್ಕತ್ತುಗಳಲ್ಲಿ ಹೆಚ್ಚಿನವು ಒಮ್ಮೆ ಮಾತ್ರ ಬೆಂದವು. ಎರಡು ಬಾರಿ ಬೆಂದುದನ್ನು ನಮ್ಮಲ್ಲಿ ಕಾಣಬೇಕಾದರೆ ಕಾಫಿಯಲ್ಲಿ ಅದ್ದಿ ತಿನ್ನುವ ರಸ್ಕನ್ನು ನೋಡಬೇಕು. ತಿಂಗಳುಗಟ್ಟಲೆ ಕಡಲಿನಲ್ಲಿರುತ್ತಿದ್ದ ಹಿಂದಿನ ನಾವಿಕರ ಹಸಿವನ್ನು ಹಿಂಗಿಸಿದುದೂ ಇಂಥ ಒಣ ರೊಟ್ಟಿಯೇ. ಅದರಲ್ಲಿ ತೇವ ಉಳಿದು ಬೂಷ್ಟು ಹಿಡಿದರೆ ನಡುಗಡಲಿನಲ್ಲಿ ಬೇರೆ ರೊಟ್ಟಿ ದೊರೆಯುವಂತಿರಲಿಲ್ಲ.

ಟಸ್ಕನಿ ಪ್ರಾಂತದ ಪ್ರಾತೊ ನಗರವು ಬಾದಾಮಿಯ ಬಿಸ್ಕೊತ್ತಿಗೆ ಹೆಸರಾದುದು. ಅಲ್ಲಿ ಆಂತೋನಿಯೊ ಮತ್ತೇಯಿ ಎಂಬಾತ 1858ರಲ್ಲಿ ತೆರೆದ ಅಂಗಡಿಯಿಂದ ಅದರ ಕೀರ್ತಿ ಹಬ್ಬಿತು. ಕುಂಬಳವಾದರೋ ಈ ನಾಡಿಗೆ ಹೊರಗಿನಿಂದ ಬಂದ ಅತಿಥಿ. ಅಮೆರಿಕ ಖಂಡದಲ್ಲಿ ಹುಟ್ಟಿದ ಈ ಬಳ್ಳಿ ಯೂರೋಪನ್ನು ಮುಟ್ಟಿದುದು 1492ರ ಕೊಲಂಬಸನ ಯಾತ್ರೆಯ ಅನಂತರ. ಇಂದು ಉತ್ತರ ಇಟಲಿಯ ಮಾಂತುವ ಮುಂತಾದ ಕಡೆಗಳಲ್ಲಿ ಅದು ಶರತ್ಕಾಲದ ಅಚ್ಚುಮೆಚ್ಚಿನ ಆಹಾರ.

ನೀರಿನ ಲೆಕ್ಕ

ಮೊದಲ ಸಲ ಇದನ್ನು ಮಾಡಿದಾಗ ನಾವು ಬೆಂದ ಕುಂಬಳವನ್ನು ಹಾಗೆಯೇ ಮಸೆದು ಹಿಟ್ಟಿಗೆ ಬೆರೆಸಿದೆವು. ಬಿಸ್ಕೊತ್ತಿ ಹೊರಗೆ ಕೆಂಪಗೆ ಕಂಡಿತು. ಬಿಸಿಯಾಗಿರುವಾಗಲೇ ಡಬ್ಬಿಗೆ ತುಂಬಿದೆವು. ವಾರ ಕಳೆಯುವಷ್ಟರಲ್ಲಿ ಅದು ಮೆತ್ತಗಾಗಿ ಬೂಷ್ಟು ಹಿಡಿದಿತ್ತು. ನಾವು ಮಾಡಿದ ತಪ್ಪೇನು? ಲೆಕ್ಕ ಹಾಕಿದರೆ ತಿಳಿಯುತ್ತದೆ.

100 ಗ್ರಾಂ ತಿರುಳಿನಲ್ಲಿ 10 ಗ್ರಾಂ ಘನವಸ್ತು, 90 ಗ್ರಾಂ ನೀರು. ಅದನ್ನು ಅಗಲವಾದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ತಿರುವುತ್ತ 50 ಗ್ರಾಮಿಗೆ ಇಳಿಸಿದರೆ ಘನವಸ್ತು ಅಷ್ಟೇ ಇದ್ದು, ನೀರು ಮಾತ್ರ 40 ಗ್ರಾಮಿಗೆ ಇಳಿಯುತ್ತದೆ. ರುಚಿಯೂ ಬಣ್ಣವೂ ಹೆಚ್ಚು ಕಡಿಮೆ ಪೂರ್ತಿಯಾಗಿ ಉಳಿಯುತ್ತವೆ. ಕುಂಬಳಕ್ಕೆ ಹೊಂಬಣ್ಣ ಕೊಡುವ ಕ್ಯಾರೊಟೀನ್ ಆವಿಯಾಗಿ ಹೋಗುವ ವಸ್ತುವಲ್ಲ.

ಈ 50 ಗ್ರಾಂ ತಿರುಳಿಗೆ 250 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಒಂದು ಮೊಟ್ಟೆ, 100 ಗ್ರಾಂ ಬಾದಾಮಿ, ಒಂದು ಚಿಟಿಕೆ ಉಪ್ಪು, ಒಂದು ಚಮಚ ಬೇಕಿಂಗ್ ಪೌಡರ್ ಸೇರಿಸಿ ಗಟ್ಟಿಯಾಗಿ ಕಲಸಬೇಕು. ಒಟ್ಟು ತೂಕ ಸುಮಾರು 600 ಗ್ರಾಂ. ಮೈದಾ, ಮೊಟ್ಟೆ, ಬಾದಾಮಿಗಳ ನೀರನ್ನೂ ಕೂಡಿಸಿದರೆ ಇದರಲ್ಲಿ ಸುಮಾರು 115 ಗ್ರಾಂ ನೀರಿದೆ. ಬಿಸ್ಕೊತ್ತಿ ಗರಿಗರಿಯಾಗಬೇಕಾದರೆ ಅದರಲ್ಲಿ ಸುಮಾರು 90 ಗ್ರಾಂ ಹೊರಹೋಗಬೇಕು.

ಎರಡು ಬಾರಿ ಏಕೆ?

ಒಂದೇ ಸಲ ಬಹಳ ಹೊತ್ತು ಬೇಯಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ನೀರು ಉಳಿದಿರುವವರೆಗೆ ಹಿಟ್ಟಿನ ಒಳಭಾಗದ ಉಷ್ಣತೆ 100 ಡಿಗ್ರಿ ಸೆಂಟಿಗ್ರೇಡನ್ನು ದಾಟದು. ಮೇಲ್ಮೈಯಾದರೋ ಬೇಗನೆ ಒಣಗಿ, 140 ಡಿಗ್ರಿಯ ಸುಮಾರಿಗೆ ಕೆಂಪಾಗತೊಡಗುತ್ತದೆ. ಸಕ್ಕರೆಯೂ ಸಸಾರಜನಕವೂ ಕೂಡಿ ನಡೆಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ಒಳಗಿನ ನೀರು ಹೊರಬರುವ ಮುನ್ನವೇ ಹೊರಗು ಸುಟ್ಟುಹೋಗುತ್ತದೆ.

ಆದ್ದರಿಂದ ಹಿಟ್ಟನ್ನು ಕೊರಡಿನಂತೆ ಉದ್ದಕ್ಕೆ ಹೊಸೆದು, 180 ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ ಬೇಯಿಸಬೇಕು. ಕಾಲು ಗಂಟೆ ಆರಲು ಬಿಟ್ಟು, ಒಂದೂವರೆ ಸೆಂಟಿಮೀಟರ್ ದಪ್ಪದ ಓರೆ ಹೋಳುಗಳನ್ನಾಗಿ ಕೊಯ್ಯಬೇಕು. ಹೊರಗಿನ ಗಟ್ಟಿಪದರ ಮುಚ್ಚಿದ್ದ ತೇವದ ಒಳಭಾಗ ಈಗ ಗಾಳಿಗೆ ತೆರೆಯಿತು. ಇದಲ್ಲದೆ, ದಪ್ಪ ಅರ್ಧವಾದರೆ ನೀರು ಹೊರಬರಲು ಬೇಕಾದ ಕಾಲ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಎರಡನೆಯ ಬಾರಿ ಬೇಕಾದುದು ಒಣಗಿಸುವ ಶಾಖವೇ ಹೊರತು ಸುಡುವ ಶಾಖವಲ್ಲ. 150 ಡಿಗ್ರಿಯಲ್ಲಿ ಒಂದೊಂದು ಮಗ್ಗುಲಿಗೂ ಕಾಲು ಗಂಟೆ ಸಾಕು.

ಓವನ್ನಿನಿಂದ ತೆಗೆದಾಗ ಹೋಳುಗಳು ಇನ್ನೂ ಸ್ವಲ್ಪ ಮೆತ್ತಗಿದ್ದರೆ ಗಾಬರಿ ಬೇಡ. ಒಣಗಿದ ಸಕ್ಕರೆಯೂ ಪಿಷ್ಟವೂ ತಣ್ಣಗಾದಾಗ ಗಾಜಿನಂತೆ ಬಿಗಿದುಕೊಳ್ಳುತ್ತವೆ. ಆಗಲೇ ಗರಿ ಹುಟ್ಟುವುದು. ಪೂರ್ತಿ ಆರಿದ ಮೇಲೆಯೇ ಬಿಗಿಯಾದ ಡಬ್ಬಿಗೆ ತುಂಬಬೇಕು. ಬಿಸಿಯಾಗಿ ತುಂಬಿದರೆ ಒಳಗಿನ ಆವಿ ತಣಿದು ನೀರಾಗಿ, ಹೊರಹೋದ ತೇವವೇ ಹಿಂದಿರುಗುತ್ತದೆ.

ಎರಡನೆಯ ಸಲ ನಾವು ತಕ್ಕಡಿಯನ್ನು ಪಕ್ಕದಲ್ಲಿಟ್ಟುಕೊಂಡೆವು. ತೂಕ 510 ಗ್ರಾಮಿಗೆ ಇಳಿದ ಮೇಲೆಯೇ ಓವನ್ ಆರಿಸಿದೆವು. ಆ ಬಿಸ್ಕೊತ್ತಿ ತಿಂಗಳಾದರೂ ಕೆಡಲಿಲ್ಲ. ವಿದ್ಯಾರ್ಥಿ ಮಿತ್ರರೂ ತೂಗಿ ನೋಡಬಹುದು. ಬೆಂದಿತೇ ಎಂಬುದನ್ನು ಬಣ್ಣ ನೋಡಿ ಹೇಳಬಹುದು. ಒಣಗಿತೇ ಎಂಬುದನ್ನು ಹೇಳಬಲ್ಲುದು ತಕ್ಕಡಿಯೊಂದೇ.