ತೋಟದ ನಡುವೆ ಸೈಕಲ್ ಸುತ್ತುದಾರಿ: ನಾವೇ ಗುರುತಿಸುವುದು ಲೇಸು

ದಪ್ಪ ಟಯರಿನ ಸೈಕಲ್ ತುಳಿಯುತ್ತ ಪಟ್ಟಣದ ತರುಣರು ನಮ್ಮ ಮಣ್ಣುದಾರಿಗಳಲ್ಲಿ ಕಾಣಿಸಿಕೊಳ್ಳುವುದು ಈಗ ಅಪರೂಪವೇನಲ್ಲ. ಇವರಿಗೆ ಡಾಂಬರು ಬೇಡ, ನೊರಜುಕಲ್ಲಿನ ಗಾಡಿದಾರಿಯೇ ಬೇಕು. ಆದರೆ ಅವರ ಕೈಯಲ್ಲಿರುವ ಫೋನಿನ ನಕ್ಷೆಗೆ ಊರದಾರಿ ಯಾವುದು, ತೋಟದ ಜೀಪುದಾರಿ ಯಾವುದು ಎಂಬ ಭೇದ ತಿಳಿಯದು. ಅದು ತೋರಿಸಿದ ಗೆರೆ ಹಿಡಿದು ಬಂದವರು ನೇರವಾಗಿ ಕಾಫಿ ಒಣಗಿಸುವ ಕಣಕ್ಕೆ ಬಂದು ನಿಲ್ಲುತ್ತಾರೆ. ದಾರಿಯನ್ನು ನಾವೇ ಗುರುತಿಸಿ ಕೊಟ್ಟರೆ ಬರುವವರಿಗೂ ಸುಖ, ನಮಗೂ ನೆಮ್ಮದಿ ಎಂಬುದು ನಮ್ಮ ಅಭಿಪ್ರಾಯ. ಸಣ್ಣ ಹಿಡುವಳಿದಾರರ ಒಂದೆರಡು ಮನೆಗಳಿಗೆ ಮಧ್ಯಾಹ್ನದ ಊಟ, ಕಾಫಿಯಿಂದ ನಾಲ್ಕು ಕಾಸು ಸಿಕ್ಕರೆ ಅದೂ ಬೇಡವೆನ್ನುವಂಥದ್ದಲ್ಲ.

ಭದ್ರೆಯ ದಡದ ಬಾಳೆಹೊನ್ನೂರನ್ನು ಆರಂಭದ ಸ್ಥಳವೆಂದು ಇಟ್ಟುಕೊಳ್ಳೋಣ. ಅಲ್ಲಿಂದ ಹೊರಟು, ಜಯಪುರದ ಕಡೆಯ ತೋಟ, ಗದ್ದೆ, ಸೊಪ್ಪಿನಬೆಟ್ಟಗಳ ನಡುವೆ ಮೇರ್ತಿ ಗುಡ್ಡವನ್ನು ಕಣ್ಣಳತೆಯಲ್ಲಿಟ್ಟುಕೊಂಡು ಸುತ್ತಿ, ಹೊರಟಲ್ಲಿಗೇ ಮರಳುವ ಸುಮಾರು 40 ಕಿ.ಮೀ. ದಾರಿ ಸಾಧಾರಣ ಶಕ್ತಿಯವರಿಗೆ ಹೇಳಿದ್ದು. ಮಣ್ಣುದಾರಿಯಲ್ಲಿ ಗಂಟೆಗೆ 12 ಕಿ.ಮೀ. ಹಿಡಿದರೂ ತುಳಿತಕ್ಕೇ ಮೂರೂವರೆ ತಾಸು ಬೇಕು. ನಿಂತು ನೋಡುವುದು, ಉಣ್ಣುವುದು ಸೇರಿದರೆ ಐದು ತಾಸು. ಬೆಳಿಗ್ಗೆ ಏಳಕ್ಕೆ ಹೊರಟವರು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮರಳುತ್ತಾರೆ. ಹಣ್ಣು ಅಳೆಯುವ, ಟ್ರ್ಯಾಕ್ಟರು ಓಡಾಡುವ ಸಂಜೆಯ ಹೊತ್ತಿಗೆ ದಾರಿ ತೆರವಾಗಿರುತ್ತದೆ.

ಬೆಟ್ಟದ ಸೀಮೆಯಲ್ಲಿ ದೂರಕ್ಕಿಂತ ಏರು ಮುಖ್ಯ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರು ಎಂದರೆ ಒಂದು ಕಿಲೋಮೀಟರು. ಒಂದು ಸಮೋನ್ನತಿ ರೇಖೆಯಿಂದ ಮುಂದಿನದಕ್ಕೆ 20 ಮೀಟರು ಏರು. ದಾರಿಯ ಗೆರೆ ಎರಡು ಸೆಂಟಿಮೀಟರಿನೊಳಗೆ ಐದು ಮಟ್ಟ ಹತ್ತಿದರೆ ಕಿಲೋಮೀಟರಿಗೆ ನೂರು ಮೀಟರು, ಅಂದರೆ ನೂರಕ್ಕೆ ಹತ್ತು. ಒಣಗಿದ ನೊರಜಿನ ಮೇಲೆ ಅಂಥ ಏರಿನಲ್ಲಿ ಹಿಂದಿನ ಚಕ್ರ ಜಾರತೊಡಗುತ್ತದೆ, ಹೆಚ್ಚಿನವರು ಇಳಿದು ತಳ್ಳಬೇಕಾಗುತ್ತದೆ. ಆದ್ದರಿಂದ ಉದ್ದನೆಯ ಏರುಗಳು ನೂರಕ್ಕೆ ಐದಾರರೊಳಗಿರಲಿ. ಅಲ್ಲೊಂದು ಇಲ್ಲೊಂದು ಗಿಡ್ಡ ಏರು ಹತ್ತರವರೆಗಿದ್ದರೂ ಬಾಧಕವಿಲ್ಲ. ಇಡೀ ಸುತ್ತಿನ ಏರುಗಳನ್ನು ಕೂಡಿದಾಗ 600ರಿಂದ 800 ಮೀಟರು ಬಂದರೆ ಸಾಧಾರಣ ದಾರಿ ಎನ್ನಬಹುದು.

ಸುತ್ತುವ ದಿಕ್ಕನ್ನೂ ಯೋಚಿಸಿಯೇ ಗೊತ್ತುಮಾಡಬೇಕು. ಮಣ್ಣುದಾರಿಯಲ್ಲಿ ಹತ್ತಿ ಡಾಂಬರಿನಲ್ಲಿ ಇಳಿಯುವಂತಿರಲಿ ಎಂದು ನಾವು ಹೇಳುತ್ತೇವೆ. ಹತ್ತುವಾಗ ವೇಗವಿಲ್ಲ, ಬಿದ್ದರೂ ಮೊಣಕಾಲು ತರಚೀತು ಅಷ್ಟೆ. ಇಳುಕಲಿನ ತಿರುವಿನಲ್ಲಿ ನೊರಜು ಗೋಲಿಯಂತೆ ಉರುಳುವಾಗ ಎದುರಿಗೆ ಪಿಕಪ್ ಬಂದರೆ ಬ್ರೇಕು ಹಿಡಿದೂ ಪ್ರಯೋಜನವಿಲ್ಲ. ಟಯರು 40 ಮಿಲಿಮೀಟರಿಗೆ ಕಡಿಮೆಯಿರಬಾರದು, ಗಾಳಿ ತುಸು ಸಡಿಲವಿರಲಿ, ಮುಂದಿನ ಹಲ್ಲುಚಕ್ರಕ್ಕೂ ಹಿಂದಿನದಕ್ಕೂ ಹಲ್ಲು ಸಮನಾಗುವಷ್ಟು ಹಗುರ ಗೇರು ಇರಲಿ.

ಕಾಲದ ಆಯ್ಕೆಯೇ ನಿಜವಾದ ತೊಡಕು. ಮಳೆಗಾಲದಲ್ಲಿ ಉಂಬಳ, ಪಾಚಿ, ಸಂಕ ಮುಳುಗಿಸುವ ಹಳ್ಳ, ಮಾತೇ ಬೇಡ. ಡಿಸೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು. ಆಳು, ವಾಹನ ಎಲ್ಲವೂ ದಾರಿಯ ಮೇಲೆ. ಬೇಸಿಗೆಗೆ ಮುಂದೂಡೋಣವೆಂದರೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ರೋಗ 2024ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿತ್ತು. ತರಗೆಲೆ ತುಂಬಿದ ಕಾಡಂಚಿನಲ್ಲಿ ಕುಳಿತು ದಣಿವಾರಿಸಿಕೊಳ್ಳುವವರಿಗೆ ಉಣ್ಣೆ ಹತ್ತುವುದು ಸುಲಭ. ಹೀಗಾಗಿ ಉಳಿಯುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗಿನ ಮೂರು ವಾರ. ಆಗ ಗದ್ದೆ ಹಳದಿಗೆ ತಿರುಗಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ಬೆಟ್ಟ ಇನ್ನೂ ಹಸಿರು. ಅಡಿಕೆ ಕೊನೆ ಇಳಿಸುವ ಕೆಲಸ ನಡೆದಿರುವುದರಿಂದ, ಕೊನೆಕಾರ ಮರದ ಮೇಲಿರುವಾಗ ಕೆಳಗೆ ಯಾರೂ ಹಾಯಬಾರದೆಂದು ತಿಳಿಸಿ ಹೇಳಬೇಕು. ಉಣ್ಣೆಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಲಿ. ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಆ ವರ್ಷದ ಮಟ್ಟಿಗೆ ದಾರಿ ಮುಚ್ಚುವುದೇ ಸರಿ.

ಅಭಯಾರಣ್ಯಗಳೊಳಗೆ ದಾರಿ ಹಾಕುವ ಆಸೆ ಬೇಡ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಭದ್ರಾ 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ದೂರದಿಂದ ನೋಡಿದರೆ ಸಾಕು. ಆನೆ ಓಡಾಡುವ ಕಡೆಗಳಲ್ಲಿ ನಸುಕು, ಮುಸ್ಸಂಜೆಯ ಸವಾರಿ ಕೂಡದು.

ಇನ್ನು ಸದಸ್ಯರು ಎಲ್ಲಕ್ಕಿಂತ ಹೆಚ್ಚು ಅಂಜುವ ವಿಷಯ. "ಇವತ್ತು ಸೈಕಲ್ಲಿಗೆ ಬಿಟ್ಟರೆ ನಾಳೆ ಊರಿಗೇ ದಾರಿಯಾಗುತ್ತದಲ್ಲ?" ಎರಡು ಎಕರೆಯವನಿಗೆ ಒಂದು ಗಾಡಿದಾರಿಯ ಅಗಲವೆಂದರೆ ಇಪ್ಪತ್ತು ಮೂವತ್ತು ಅಡಿಕೆ ಮರ, ಅಂಜಿಕೆ ಸಹಜ. ಮೊದಲು ಗ್ರಾಮ ನಕ್ಷೆ ತೆಗೆದು ನೋಡಬೇಕು. ಬಿ ಖರಾಬು ಎಂದು ದಾಖಲಾದ ಗಾಡಿದಾರಿ ಮೊದಲಿನಿಂದಲೇ ಸಾರ್ವಜನಿಕರದ್ದು, ಅಲ್ಲಿ ಗೇಟು ಹಾಕಲು ಬರುವುದಿಲ್ಲ. ಸುತ್ತುದಾರಿಯ ಹೆಚ್ಚಿನ ಭಾಗ ಇಂಥವುಗಳ ಮೇಲೆಯೇ ಸಾಗಲಿ. ಸ್ವಂತ ಹಿಡುವಳಿಯ ದಾರಿಯ ಮಾತು ಬೇರೆ. 1882ರ ಅನುಭೋಗ ಹಕ್ಕುಗಳ ಕಾಯಿದೆಯಂತೆ, ಬಳಕೆಯಿಂದ ದಾರಿಯ ಹಕ್ಕು ಹುಟ್ಟಬೇಕಾದರೆ ಇಪ್ಪತ್ತು ವರ್ಷ ತಡೆಯಿಲ್ಲದೆ, ತನ್ನ ಹಕ್ಕೆಂದೇ ಬಳಸಿರಬೇಕು. ಯಜಮಾನನ ಅನುಮತಿ ಪಡೆದು ಓಡಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಬಾಯಿಮಾತಿನ ಔದಾರ್ಯಕ್ಕಿಂತ ಬರಹದ ಅನುಮತಿ ಕ್ಷೇಮ: ಇಂಥ ದಿನದಿಂದ ಇಂಥ ದಿನದವರೆಗೆ, ಸೈಕಲ್ಲಿಗೆ ಮಾತ್ರ, ಬೇಕೆಂದಾಗ ರದ್ದುಪಡಿಸುವ ಅಧಿಕಾರ ನಮ್ಮದು, ಎಂದು. ಮೂರು ವಾರ ಕಳೆದ ಮೇಲೆ ಗೇಟು ಮುಚ್ಚಿ ಬೀಗ ಹಾಕಿದರೆ ಇನ್ನೂ ಒಳ್ಳೆಯದು. ನೆರೆಯವರೊಡನೆ ದಾರಿಯ ತಕರಾರು ಈಗಾಗಲೇ ಇರುವವರು ಇದರಿಂದ ದೂರವೇ ಉಳಿಯಲಿ. ಸೈಕಲ್ಲಿನ ನೆಪದಲ್ಲಿ ಹಳೆಯ ವ್ಯಾಜ್ಯ ಕೆದಕುವುದು ಬೇಡ.

ಒಪ್ಪಿಗೆಯಿರುವ ಸದಸ್ಯರು ಸರ್ವೆ ನಂಬರು, ದಾರಿಯ ಉದ್ದ, ಗೇಟು ಮತ್ತು ಕಣ ಇರುವ ಜಾಗ, ಕಚ್ಚುವ ನಾಯಿ ಇದೆಯೇ ಇಲ್ಲವೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಗ್ರಾಮ ನಕ್ಷೆಯ ಪ್ರತಿಯೊಂದಿಗೆ ಗೌರಿ ಹಬ್ಬದೊಳಗೆ ಸಂಘದ ಕಚೇರಿಗೆ ಮುಟ್ಟಿಸಬೇಕು. ಎಲ್ಲರ ಒಪ್ಪಿಗೆ ಕೈಸೇರುವವರೆಗೆ ಯಾವ ತೋಟದ ಹೆಸರನ್ನೂ ನಕ್ಷೆಯಲ್ಲಿ ಕಾಣಿಸುವುದಿಲ್ಲ.