ಮಣಿಯದ ಖಿನ್ನತೆ, ವಿಕಿರಣ ಶಸ್ತ್ರಚಿಕಿತ್ಸೆ ಮತ್ತು ಮಾನವ ಸ್ವಾತಂತ್ರ್ಯ

ಔಷಧಕ್ಕೆ ಮಣಿಯದ ತೀವ್ರ ಖಿನ್ನತೆಯನ್ನು ಮಿದುಳಿಗೆ ವಿಕಿರಣ ಹಾಯಿಸಿ ಗುಣಪಡಿಸಬಹುದೇ? ಈ ಪ್ರಶ್ನೆಯನ್ನು ವೈದ್ಯರಿಗಷ್ಟೇ ಬಿಡಲಾಗದು. ಮೂಡಿಗೆರೆ, ಕಳಸಗಳ ಕಾಫಿ ತೋಟಗಳ ನಡುವಿನ ಸಭೆಗಳಲ್ಲಿ ಕುಟುಂಬದವರು ಮನೋವೈದ್ಯರಿಗಿಂತ ಮೊದಲು ಗುರುಗಳ ಬಳಿಗೆ ಬರುವುದುಂಟು. ಆದ್ದರಿಂದ ಈ ಚಿಕಿತ್ಸೆ ಎಂಥದು, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ಪಾಲನಾ ಸೇವೆಯಲ್ಲಿರುವವರು ಅರಿತಿರಬೇಕು.

ವಿಕಿರಣ ಶಸ್ತ್ರಚಿಕಿತ್ಸೆಯ ಕಲ್ಪನೆಯನ್ನು 1951ರಲ್ಲಿ ಮುಂದಿಟ್ಟವರು ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್. ಅವರು ರೂಪಿಸಿದ ಗಾಮಾ ನೈಫ್‌ನಲ್ಲಿ ಚೂರಿಯಿಲ್ಲ. ತಲೆಬುರುಡೆಯನ್ನು ತೆರೆಯುವುದೂ ಇಲ್ಲ. ಕೋಬಾಲ್ಟ್‌ನಿಂದ ಹೊಮ್ಮುವ ಸುಮಾರು ಇನ್ನೂರು ಸೂಕ್ಷ್ಮ ಕಿರಣಗಳು ಬೇರೆಬೇರೆ ದಿಕ್ಕಿನಿಂದ ಬಂದು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಪ್ರತಿಯೊಂದು ಕಿರಣವೂ ದುರ್ಬಲ. ಕೂಡುವೆಡೆಯಲ್ಲಿ ಮಾತ್ರ ಅವು ಅಂಗಾಂಶವನ್ನು ನಾಶಮಾಡಬಲ್ಲವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಯಂತ್ರವಿದೆ. ಇದರ ಮುಖ್ಯ ಬಳಕೆ ಮಿದುಳಿನ ಗೆಡ್ಡೆಗಳು ಮತ್ತು ರಕ್ತನಾಳಗಳ ದೋಷಗಳಿಗೆ. ಮನೋರೋಗಕ್ಕೆ ಬಳಸುವಾಗ ಮಿದುಳಿನ ಮುಂಭಾಗವನ್ನು ಒಳಭಾಗಕ್ಕೆ ಜೋಡಿಸುವ ನರತಂತುಗಳ ಒಂದು ಸಣ್ಣ ತಾಣವೇ ಗುರಿ. ಫಲ ಕಾಣಲು ತಿಂಗಳುಗಳೇ ಬೇಕು. ಈವರೆಗಿನ ಅನುಭವದಲ್ಲಿ ಹೆಚ್ಚಿನದು ಗೀಳುರೋಗಕ್ಕೆ ಸಂಬಂಧಿಸಿದ್ದು. ಖಿನ್ನತೆಯ ಬಗೆಗಿನ ಆಧಾರ ಇನ್ನೂ ಅಲ್ಪ. ಮಿದುಳಿನ ಊತ, ನೀರುಗುಳ್ಳೆ, ನಿರಾಸಕ್ತಿ ಮುಂತಾದ ಅಪಾಯಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ಒಮ್ಮೆ ಮಾಡಿದ್ದನ್ನು ಹಿಂದಕ್ಕೆ ತರಲಾಗದು.

ಆದ್ದರಿಂದ ಖಿನ್ನತೆ ನಿಜಕ್ಕೂ ಮಣಿಯದ್ದೇ ಎಂಬುದು ಮೊದಲು ಇತ್ಯರ್ಥವಾಗಬೇಕು. ಕನಿಷ್ಠ ಎರಡು ಬಗೆಯ ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಗುಣ ಕಾಣದಿದ್ದರೆ ವೈದ್ಯರು ಹಾಗೆ ಕರೆಯುತ್ತಾರೆ. ಈ ಔಷಧಗಳು ಫಲ ಕೊಡಲು ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಮುಂಗಾರಿನ ಮಳೆಯಲ್ಲಿ ಊರಿಂದ ಇಳಿಯಲಾಗದೆ, ಕಾಫಿ ಕೊಯ್ಲಿನ ಕಾಲದಲ್ಲಿ ಕೂಲಿ ಬಿಡಲಾಗದೆ, ಎರಡನೆಯ ವಾರಕ್ಕೇ ಮಾತ್ರೆ ನಿಲ್ಲಿಸಿದವರ ಖಿನ್ನತೆ ಮಣಿಯದ ಖಿನ್ನತೆಯಲ್ಲ. ಅದು ಚಿಕಿತ್ಸೆ ತಲುಪದ ಖಿನ್ನತೆ. ಔಷಧ ಸೋತ ಮೇಲೂ ಲಿಥಿಯಂ ಸೇರಿಸುವುದು, ಮನೋಚಿಕಿತ್ಸೆ, ಅಯಸ್ಕಾಂತೀಯ ಪ್ರಚೋದನೆ, ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ ಮುಂತಾದ ದಾರಿಗಳಿವೆ. ವಿಕಿರಣದ ಮಾತು ಇವೆಲ್ಲದರ ಆಚೆಗಿನದು.

ಈ ಎಚ್ಚರಕ್ಕೆ ಚರಿತ್ರೆಯ ಕಾರಣವೂ ಇದೆ. ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಚಿಕಿತ್ಸೆಗಾಗಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಅವರಿಗೆ 1949ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅದಕ್ಕೂ ಮೊದಲೇ, 1944ರಲ್ಲಿ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಡಾ. ಎಂ. ವಿ. ಗೋವಿಂದಸ್ವಾಮಿಯವರು ತಮ್ಮ ಸಹೋದ್ಯೋಗಿಯೊಡನೆ ಭಾರತೀಯ ರೋಗಿಗಳಲ್ಲಿ ಈ ಶಸ್ತ್ರಚಿಕಿತ್ಸೆಯ ವರದಿಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಇಂದಿನ ನಿಮ್ಹಾನ್ಸ್ ಬೆಳೆದು ಬಂದದ್ದು ಆ ಆಸ್ಪತ್ರೆಯಿಂದಲೇ. ಜಗತ್ತಿನ ಹಲವೆಡೆ ಈ ಚಿಕಿತ್ಸೆಯಿಂದ ರೋಗಿಗಳ ತಳಮಳ ಅಡಗಿತಾದರೂ ಅದರೊಡನೆ ಅವರ ವ್ಯಕ್ತಿತ್ವವೂ ಮಂಕಾಯಿತು.

ಈ ಹಿನ್ನೆಲೆಯಲ್ಲಿಯೇ 1952ರ ಸೆಪ್ಟೆಂಬರಿನಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ನರವಿಜ್ಞಾನಿಗಳಿಗೆ ಒಂದು ಮಿತಿಯನ್ನು ತೋರಿಸಿದರು: ನೋವನ್ನು ಇಳಿಸುವ ಚಿಕಿತ್ಸೆಯು ಮನುಷ್ಯನ ಸ್ವಾತಂತ್ರ್ಯವನ್ನು ಶಾಶ್ವತವಾಗಿ ಅಳಿಸುವಂಥದಾದರೆ ರೋಗಿಗೂ ಅದಕ್ಕೆ ಒಪ್ಪುವ ಹಕ್ಕಿಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 96ನೆಯ ಕಲಮೂ ಇಂಥ ಶಸ್ತ್ರಚಿಕಿತ್ಸೆಗೆ ರೋಗಿಯ ತಿಳಿವಳಿಕೆಯುಳ್ಳ ಸಮ್ಮತಿ ಮತ್ತು ಸಂಬಂಧಪಟ್ಟ ಮಂಡಳಿಯ ಅನುಮೋದನೆ ಎರಡನ್ನೂ ಕಡ್ಡಾಯಗೊಳಿಸಿದೆ.

ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. ದೇವಸ್ವರೂಪದಲ್ಲಿ ಸೃಷ್ಟಿಯಾದ ಮನುಷ್ಯನಿಗೆ ಮಿದುಳೂ ದೇವರ ಕೊಡುಗೆ. ಅದನ್ನು ಗುಣಪಡಿಸುವುದು ಪಾಪವಲ್ಲ. ಹಾಸಿಗೆಯಿಂದ ಏಳಲಾರದ, ಪ್ರಾರ್ಥಿಸಲಾರದ, ಪ್ರೀತಿಯನ್ನು ಸ್ವೀಕರಿಸಲಾರದ ವ್ಯಕ್ತಿಯ ಸ್ವಾತಂತ್ರ್ಯವನ್ನು ಖಿನ್ನತೆ ಆಗಲೇ ಕಸಿದುಕೊಂಡಿದೆ. ಅದನ್ನು ಮರಳಿಸುವ ಚಿಕಿತ್ಸೆ ಆ ಮಿತಿಯನ್ನು ಮೀರುವುದಿಲ್ಲ. ಆದರೆ ನಿರಾಶೆಯ ತಳಮುಟ್ಟಿದವರು ಯಾವುದಕ್ಕೂ ಒಪ್ಪಿಬಿಡಬಹುದು. ತಮ್ಮನ್ನು ತಾವೇ ದಂಡಿಸಿಕೊಳ್ಳಲೆಂದೂ ಒಪ್ಪಬಹುದು. ಆದ್ದರಿಂದ ಸಮ್ಮತಿ ಒಂದು ದಿನದ ಸಹಿಯಾಗಬಾರದು. ಅದು ಸಾವಧಾನದಿಂದ, ಮತ್ತೆ ಮತ್ತೆ ಕೇಳಿ ಪಡೆದದ್ದಾಗಬೇಕು.

ಸಭಾಪಾಲಕರ ಕರ್ತವ್ಯವೂ ಇದರಿಂದ ಸ್ಪಷ್ಟವಾಗುತ್ತದೆ. ಚಿಕಿತ್ಸೆಗೆ ಒತ್ತಾಯಿಸುವುದಾಗಲಿ ತಡೆಯುವುದಾಗಲಿ ಅವರ ಕೆಲಸವಲ್ಲ. ಹಿಂದಿನ ಚಿಕಿತ್ಸೆ ಪೂರ್ಣವಾಯಿತೇ ಎಂದು ವಿಚಾರಿಸುವುದು, ಆಸ್ಪತ್ರೆಗೆ ಜೊತೆಯಾಗುವುದು, ನಿರ್ಧಾರವು ಕುಟುಂಬದ ದಣಿವಿನದಾಗದೆ ರೋಗಿಯದೇ ಆಗಿರುವಂತೆ ಕಾಯುವುದು ಅವರ ಕೆಲಸ. ಸಾವಿನ ಮಾತು ಕೇಳಿಬಂದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯನ್ನೂ ಬಳಸಬಹುದು. ಸಾವನ್ನು ಬೇಡಿದ ಎಲೀಯನನ್ನು ದೇವದೂತನು ಗದರಿಸಲಿಲ್ಲ. ಮೊದಲು ರೊಟ್ಟಿ, ನೀರು, ನಿದ್ರೆ ದೊರೆತವು. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿದರೂ ಪ್ರಾರ್ಥನೆಯಾಗಿಯೇ ಉಳಿದಿದೆ. ಖಿನ್ನತೆಯನ್ನು ವಿಶ್ವಾಸದ ಕೊರತೆಯೆಂದು ತೂಗುವ ಅಧಿಕಾರವನ್ನು ಶಾಸ್ತ್ರವು ನಮಗೆ ಕೊಟ್ಟಿಲ್ಲ.